ಹನ್ನೊಂದು ಸೆಕೆಂಡಿನ ನಗು

ನವೆಂಬರ್ ೧೮, ಮಂಗಳವಾರ

ಆ ನಗು ಇನ್ನೂ ಕಿವಿಯಿಂದ ಇಳಿದಿಲ್ಲ.

ನಮ್ಮ ಕ್ರಿಸ್ಮಸ್ ಸಿನಿಮಾದ ಐದನೇ ಭಾಗವನ್ನು ಬಿಡುಗಡೆಗೆ ಮೊದಲು ಇವತ್ತು ನೂರು ಜನರಿಗೆ ತೋರಿಸಿದೆವು. ಸಂಕಲನ ಮಾಡಿದವಳು ನಾನು. ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತು, ಎಲ್ಲಿ ಎಷ್ಟು ಸೆಕೆಂಡು ನಗುತ್ತಾರೆಂದು ಬರೆದುಕೊಂಡೆ. ಅಷ್ಟು ಜಾಗ ಬಿಡದಿದ್ದರೆ ಮುಂದಿನ ಮಾತು ನಗುವಿನಲ್ಲಿ ಮುಳುಗಿಹೋಗುತ್ತದೆ.

ಹೊಸ ಹಾಸ್ಯಕ್ಕೆಲ್ಲ ಜನ ಆಕಳಿಸಿದರು. ಅವರಿಗೆ ಬೇಕಾದದ್ದು ಅದೇ ಮನೆ, ಅದೇ ಜಗಳ, ಬಾಗಿಲ ಮೇಲೆ ನಕ್ಷತ್ರ ಕಟ್ಟಲು ಹೋಗಿ ಏಣಿಯಿಂದ ಬೀಳುವ ಅದೇ ಅಜ್ಜ. ಅಜ್ಜ ಬಿದ್ದಾಗ ಹನ್ನೊಂದು ಸೆಕೆಂಡು ನಕ್ಕರು. ನನ್ನ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ನನ್ನಮ್ಮ ಕಣ್ಣೊರೆಸಿಕೊಳ್ಳುತ್ತ, "ಪಾಪ, ಎಷ್ಟು ಚೆನ್ನಾಗಿ ಬೀಳ್ತಾರೆ ಕಣೇ!" ಅಂದಳು.

ಅಜ್ಜನ ಪಾತ್ರದವರು ಈ ಸಲ ಬಿದ್ದಂತೆ ನಟಿಸಿರಲಿಲ್ಲ. ನಿಜಕ್ಕೂ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಉಳಿದ ಟೇಕುಗಳೆಲ್ಲ ಸಪ್ಪೆಯೆನಿಸಿ ಅದನ್ನೇ ಇಟ್ಟುಕೊಳ್ಳೋಣ ಅಂದವಳು ನಾನೇ.

ಸಂಜೆ ಅವರನ್ನು ನೋಡಲು ಆಸ್ಪತ್ರೆಗೆ ಹೋದೆ.

"ನಕ್ಕರೇನಮ್ಮ ಜನ?"

"ಹನ್ನೊಂದು ಸೆಕೆಂಡು, ಸರ್."

"ಹೋದ ಸಲ ಒಂಬತ್ತೇ ಇತ್ತು!" ಅವರ ಮುಖ ಅರಳಿತು. ಆಮೇಲೆ ದನಿ ತಗ್ಗಿಸಿ ಕೇಳಿದರು, "ನಾನು ಕೂಗ್ಕೊಂಡಿದ್ದು ಕೇಳಿಸ್ತಾ?"

"ಇಲ್ಲ ಸರ್. ಅದರ ಮೇಲೆ ಚರ್ಚಿನ ಗಂಟೆ ಸದ್ದು ಹಾಕಿದ್ದೀನಿ."

"ಒಳ್ಳೇದಾಯ್ತು ಬಿಡು. ಕೇಳಿಸಿದ್ರೆ ಯಾರು ನಗ್ತಿದ್ರು?"

ಗಂಟೆ ಸರಿಯಾಗಿ ಕೂರಲೆಂದು ಆ ಕೂಗನ್ನು ನಲವತ್ತು ಸಲವಾದರೂ ಕೇಳಿದ್ದೇನೆ. ಎಪ್ಪತ್ತೆಂಟರ ಮನುಷ್ಯ "ಅಮ್ಮಾ" ಅಂದಿದ್ದರು.

ಸಿನಿಮಾದಲ್ಲಿ ಅಲ್ಲಿ ನಗುವಿಗೆ ಒಂಬತ್ತು ಸೆಕೆಂಡೇ ಜಾಗವಿದೆ. ಬೆಳಿಗ್ಗೆ ಹೋಗಿ ಇನ್ನೆರಡು ಸೇರಿಸಬೇಕು.