ಹಿಟ್ಟಿನ ಡಬ್ಬಿ ಮತ್ತು ಆಕಾಶದ ಕಲ್ಲು

ನಾಸಿಕ
25 ಫೆಬ್ರುವರಿ 2025

ನನ್ನ ಅಶ್ವಿನಿ,

ಗೆದ್ದೆವು. ಫೋನಿನಲ್ಲಿ ಹೇಳಿದರೆ ನಿಮಿಷದಲ್ಲಿ ಮುಗಿದುಹೋಗುತ್ತದೆ, ಅದಕ್ಕೇ ಸಂಭಾಜಿನಗರದ ನಿನ್ನ ಹಾಸ್ಟೆಲ್ಲಿಗೆ ಕಾಗದ ಬರೆಯುತ್ತಿದ್ದೇನೆ. ಕನ್ನಡ ತೊಡಕಾದರೆ ಗಟ್ಟಿಯಾಗಿ ಓದು, ತಿಳಿಯುತ್ತದೆ.

2032ರಲ್ಲಿ ಕ್ಷುದ್ರಗ್ರಹವೊಂದು ಭೂಮಿಗೆ ಬಡಿಯಬಹುದು, ಬೀಳಬಹುದಾದ ಜಾಗಗಳಲ್ಲಿ ಮುಂಬಯಿಯೂ ಇದೆ ಎಂದು ಟಿ.ವಿ.ಯವರು ಹೇಳತೊಡಗಿದಾಗ ನಿನ್ನ ಮುತ್ಯಾ, ನನ್ನ ಮಾವನವರು, ಆ ಕಲ್ಲನ್ನು ಆಕಾಶದ ಲೆಕ್ಕ ಓದುವ ನಿನ್ನ ಮೇಲೆಯೇ ತಿರುಗಿಸಿದರು. ಶೇಕಡಾ ಒಂದು ಇದ್ದದ್ದು ಎರಡಾಯಿತು, ಮೂರಾಯಿತು. "ನಿನ್ನ ಮಗಳು ಬಡಿಯಂಗಿಲ್ಲ ಅಂತಾಳ, ಲೆಕ್ಕ ನೋಡಿದ್ರ ಏರ್ಲತ್ತದ. ಇಂಥಾ ಓದಿಗಿ ಇನ್ನಾ ಐದು ವರ್ಷ ಯಾಕ ಬೇಕವ್ವ?" ಎಂದರು. ಶಿವರಾತ್ರಿ ಮುಗಿಸಿ ಬನ್ನಿ ಎಂದು ಬೀದರಿನ ಗಂಡಿನ ಕಡೆಯವರಿಗೆ ಹೇಳಿಯೂ ಬಿಟ್ಟರು.

ನನ್ನಂಥ ಕವಿತೆ ಓದುವವಳಿಗೆ ಶೇಕಡಾ ಏನು ತಿಳಿದೀತು ಎಂದು ನಿನ್ನಪ್ಪ ನಕ್ಕರು. ಆದರೆ ನೀನು ಹೇಳಿಕೊಟ್ಟದ್ದು ನೆನಪಿತ್ತು. ಊಟಕ್ಕೆ ಕೂತಾಗ ಕೇಳಿದೆ: ನಮ್ಮ ಅತ್ತೆಯ, ನಿನ್ನ ಆಯಿಯ, ಮೂಗುತಿ ಕಳೆದಾಗ ಏನಾಯಿತು? ಹಾಸಿಗೆ ಕೊಡವಿದೆವು, ಇಲ್ಲ. ಬಚ್ಚಲು ನೋಡಿದೆವು, ಇಲ್ಲ. ಒಂದೊಂದು ಜಾಗ ಬಿಟ್ಟುಹೋದಂತೆ ಜೋಳದ ಹಿಟ್ಟಿನ ಡಬ್ಬಿಯ ಮೇಲಿನ ಗುಮಾನಿ ಏರುತ್ತಲೇ ಹೋಯಿತು. ಕೊನೆಗೆ ಹಿಟ್ಟನ್ನು ಜರಡಿ ಹಿಡಿದಾಗ ಆ ಗುಮಾನಿ ಒಮ್ಮೆಲೇ ಸೊನ್ನೆ. ಮೂಗುತಿ ಆಯಿಯ ಸೆರಗಿನಲ್ಲೇ ಇತ್ತು. ಭೂಮಿಯೂ ಈಗ ಆ ಡಬ್ಬಿಯ ಹಾಗೆ, ಕಲ್ಲು ಹಾಯಬಹುದಾದ ಬೇರೆ ಜಾಗಗಳು ಬಿಟ್ಟುಹೋದಂತೆ ಗುಮಾನಿ ಏರುತ್ತಿದೆ, ದುರ್ಬೀನುಗಳ ಜರಡಿ ಇನ್ನೂ ಮುಗಿದಿಲ್ಲ. ಸಿಗಲೂಬಹುದು, ಆದರೆ ಸಿಗದಿರುವ ಪಾಲು ನೂರರಲ್ಲಿ ತೊಂಬತ್ತೇಳು ಎಂದೆ.

ಮಾವನವರ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ನಿನ್ನನ್ನು ಕೇಳದೆಯೇ ಪಣವನ್ನೂ ಕಟ್ಟಿದೆ. ಶಿವರಾತ್ರಿಯೊಳಗೆ ಲೆಕ್ಕ ಕುಸಿದರೆ ಬೀದರಿನವರು ಬರಬಾರದು, ಕುಸಿಯದಿದ್ದರೆ ಅವರಿಗೆ ನಾನೇ ಚಹಾ ಕೊಡುತ್ತೇನೆ ಎಂದೆ. ಆಯಿ ತಟ್ಟೆಯಿಂದ ತಲೆ ಎತ್ತಲಿಲ್ಲ, ಮೂಗುತಿ ಮಾತ್ರ ಮುಟ್ಟಿ ನೋಡಿಕೊಂಡರು.

ಗುರುವಾರ ಲೆಕ್ಕ ಜಾರತೊಡಗಿತು. ಇವತ್ತು ಸೊನ್ನೆಗೆ ಅಂಟಿಕೊಂಡು ನಿಂತಿದೆ. ಮುತ್ಯಾ ಟಿ.ವಿ. ಆರಿಸಿ, ನನ್ನ ಎದುರೇ ಬೀದರಿಗೆ ಫೋನು ಮಾಡಿದರು. "ಹುಡುಗಿ ಇನ್ನಾ ಓದ್ತಾಳ್ರಿ. ನೀವು ಬ್ಯಾರೆ ಕಡಿ ನೋಡ್ರಿ."

ಸಂಶೋಧನೆಯ ಅರ್ಜಿಯನ್ನು ಇವತ್ತೇ ಕಳಿಸು. ಭೂಮಿ ಇರುತ್ತದೆ, ನೀನೂ ಅದರ ಮೇಲೆ ನಿನಗೆ ಬೇಕಾದಲ್ಲಿ ಇರುತ್ತೀ.

ಬೀಗುತ್ತಿರುವ
ನಿನ್ನ ಅವ್ವ

ತಾ.ಕ.: ಪಣ ಕಟ್ಟಿದ ಮರುದಿನ ತರಕಾರಿಗೆಂದು ಹೇಳಿ ಶೇರ್ ಜೀಪು ಹತ್ತಿ ತ್ರ್ಯಂಬಕೇಶ್ವರಕ್ಕೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆಯೇ ಮುತ್ಯಾ! ಮನೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಎಂದು ಹೇಳಿ ಹೊರಟವರು. "ಹುಡುಗಿ ಲೆಕ್ಕ ತಪ್ಪಬಾರ್ದು ನೋಡವ್ವ. ಮನ್ಯಾಗ ಹೇಳಬ್ಯಾಡ" ಎಂದರು. ಅವರು ನಿನಗೆಂದು ಕೊಟ್ಟ ವಿಭೂತಿ ಈ ಲಕೋಟೆಯಲ್ಲಿದೆ.