ಅಂಗಾತ ಮಲಗಿಸಿ ಕುಡಿಸಬಾರದು

ಡಿಸೆಂಬರ್ 3, ಬುಧವಾರ

ಮತ್ತೆ ಹಾಲು ಆರಿತು. ಬಿಸಿ ಮಾಡು, ಸಿರಿಂಜಿಗೆ ಎಳೆದುಕೊ, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡು — ಅಷ್ಟರಲ್ಲಿ ತಣ್ಣಗೆ. ಬೆಳಿಗ್ಗೆಯಿಂದ ಇದೇ ಕೆಲಸ. ನಾಲ್ಕು ನಾಯಿಮರಿ. ಕಣ್ಣು ತೆರೆದಿಲ್ಲ, ಕಿವಿ ಬಿಚ್ಚಿಲ್ಲ, ಇರುವುದು ಬಾಯಿ ಒಂದೇ. ಕೊನೆಯದಕ್ಕೆ ಕುಡಿಸಿ ಮುಗಿಸುವ ಹೊತ್ತಿಗೆ ಮೊದಲನೆಯದು ರಾಗ ತೆಗೆಯುತ್ತದೆ. ಕುಡಿಸಿದರೆ ಮುಗಿಯಲಿಲ್ಲ, ಹಸಿ ಹತ್ತಿಯಿಂದ ಒರೆಸಿ ಉಚ್ಚೆ ಮಾಡಿಸಬೇಕು. ಅದೂ ತಾನಾಗಿ ಬರುವುದಿಲ್ಲ ಇವಕ್ಕೆ.

ತಂದವರು ಇವರು, ನನ್ನ ಪತಿರಾಯರು. ಕೆಳಗಿನ ಮಹಡಿಯ ಟ್ಯೂಷನ್ ಕ್ಲಾಸಿನ ಹುಡುಗರು ಬಿಸ್ಕೀಟು ಹಾಕುತ್ತಿದ್ದರಲ್ಲ, ಆ ಕಂದು ನಾಯಿ ಸೋಮವಾರ ಟೆಂಪೋ ಕೆಳಗೆ ಸಿಕ್ಕಿ ಸತ್ತಿತು. ಪಂಪ್ ರೂಮಿನಲ್ಲಿ ಮರಿ ಹಾಕಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಇವರು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತುಂಬಿಕೊಂಡು ಮೇಲೆ ತಂದರು. ಲ್ಯಾಪ್‌ಟಾಪ್ ಕಂಕುಳಲ್ಲಿ. ಮಹಾ ಪುಣ್ಯದ ಕೆಲಸ. ಮರುದಿನ ಬೆಳಿಗ್ಗೆ ಸೊಲ್ಲಾಪುರದ ಟೂರ್ ಅಂತ ಹೊರಟರು. "ನಾಕ ದಿನ ಸಂಭಾಳಸು, ಬಂದ ಮ್ಯಾಲೆ ನಾ ನೋಡ್ಕೋತೀನಿ." ನೋಡಿಕೊಳ್ಳುತ್ತಾರೆ. ಬಾಲ್ಕನಿಯ ಗಿಡ ನೋಡಿಕೊಂಡ ಹಾಗೆ.

ನಾದಿನಿ ಶಿವಾನಿಯ ಬಾಣಂತನಕ್ಕೆ ಅಂತ ಕೂಡಿಟ್ಟಿದ್ದ ಲೀವಿನಲ್ಲಿ ಎರಡು ದಿನ ಆಗಲೇ ಹೋಯಿತು. ಅವಳಿಗೆ ತಿಂಗಳ ಕೊನೆಗೆ ಡೇಟ್. ಊರ ಆಚೆ ತುದಿಯ ವಿಮಾನ ನಗರದಿಂದ ಇಲ್ಲಿಗೇ ಬರುವವಳು, ತಾಯಿ ಮನೆಗೆ. ಅಷ್ಟರೊಳಗೆ ಇವು ಮನೆ ಬಿಡಬೇಕು.

ಅತ್ತೆ ಮಾತ್ರ ಖುಷಿಯಾಗಿದ್ದಾರೆ. ಪುಣೆಯಲ್ಲಿ ಜಮಖಂಡಿ ಕಡೆಯವರ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ನೀರೆರೆಯಲು ನಮ್ಮತ್ತೆ ಬಸವಣ್ಣೆವ್ವನೇ ಬೇಕು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡರೆ ಎಂಥ ಕಿರಚುವ ಕೂಸೂ ಸುಮ್ಮನಾಗುತ್ತದೆ. ಈಗ ಮರಿಗಳ ರಟ್ಟಿನ ಡಬ್ಬಿಯೊಳಗೆ ಬಗ್ಗಿ ನೋಡಿ, "ನಾಯೀದಾದ್ರೇನವಾ, ಕೂಸು ಕೂಸ. ನೀ ಆಫೀಸಿಗೆ ಹೋಗು, ನಾ ಅದೀನಿ" ಅಂದರು.

ಅದೇ ನನ್ನ ಚಿಂತೆ.

ಡಿಸೆಂಬರ್ 4, ಗುರುವಾರ

ಮರಿಗಳ ಹಾಲಿನ ಪುಡಿ ಎಲ್ಲೂ ಇಲ್ಲ. ಮೂರು ಪೆಟ್ ಶಾಪ್ ಸುತ್ತಿದೆ, ಬರೀ ಬೆಲ್ಟು, ಚೆಂಡು, ಸ್ವೆಟರ್. ಆನ್‌ಲೈನಿನಲ್ಲಿ ಆರ್ಡರ್ ಹಾಕಿದರೆ ಮುಂದಿನ ವಾರ ಅಂತೆ. ನಾಯಿಗಳ ಡಾಕ್ಟರು ತಮ್ಮಲ್ಲಿದ್ದ ಅರ್ಧ ಪ್ಯಾಕೆಟ್ ಕೊಟ್ಟರು. ಅದು ಎಲ್ಲಿಗೆ ಸಾಕು? ತೀರಿದ ಮೇಲೆ ಹಾಲು, ಮೊಸರು, ಮೊಟ್ಟೆಯ ಹಳದಿ ಕಲಸಿ ಕೊಡಿ ಅಂದರು. ಇನ್ನೊಂದು ಮಾತು ಎರಡೆರಡು ಸಲ ಹೇಳಿದರು: ಬೋರಲು ಹಾಕಿಯೇ ಕುಡಿಸಬೇಕು, ಅಂಗಾತ ಮಲಗಿಸಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ.

ಮೊಟ್ಟೆ. ನಮ್ಮ ಮನೆಯಲ್ಲಿ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ.

"ತತ್ತಿ ಹೊಸ್ತಿಲಾ ದಾಟಂಗಿಲ್ಲ" ಅಂದರು ಅತ್ತೆ. "ನಾಯಿ ದಾಟ್ಯಾವಲ್ರೀ ಅತ್ತಿ" ಅಂದೆ. "ನಾಯಿ ಜೀವ ಅದ. ತತ್ತಿ ಬ್ಯಾರೆ." ವಾದ ಮಾಡಿ ಫಲವಿಲ್ಲ. ಸ್ಟೀಲ್ ಲೋಟ, ಚಮಚ, ಥರ್ಮಾಸ್ ತೆಗೆದುಕೊಂಡು ಪಾರ್ಕಿಂಗಿಗೆ ಇಳಿದೆ. ಸ್ಕೂಟರಿನ ಸೀಟಿನ ಮೇಲೆ ಪೇಪರ್ ಹಾಸಿ ಮೊಟ್ಟೆ ಒಡೆದು ಹಳದಿ ಬೇರೆ ಮಾಡುತ್ತ ನಿಂತಿದ್ದೇನೆ, ಕ್ಲಾಸಿನ ಸರ್ ಬಂದರು. ನೋಡಿದರು. ಹನ್ನೆರಡು ವರ್ಷ ಈ ಬಿಲ್ಡಿಂಗಿನಲ್ಲಿ ಉಳಿಸಿಕೊಂಡಿದ್ದ ಮರ್ಯಾದೆ ಹೋಯಿತು.

ಡಿಸೆಂಬರ್ 5, ಸಂಜೆ

ತಲೆ ಸಿಡಿಯುತ್ತಿದೆ. ಸ್ನಾನ ಮಾಡಿ ಬರುವಷ್ಟರಲ್ಲಿ ನಡುಮನೆ ತುಂಬ ಹೊಗೆ. ಏನೋ ಸುಟ್ಟಿತು ಅಂತ ಓಡಿ ಬಂದರೆ — ಲೋಬಾನ. ಅತ್ತೆ ಕೆಂಡದ ಮೇಲೆ ಲೋಬಾನ ಹಾಕಿ ನಾಲ್ಕೂ ಮರಿಗಳಿಗೆ ಹೊಗೆ ಹಾಕುತ್ತ ಕೂತಿದ್ದಾರೆ. ಅವು ಸೀನುತ್ತಿವೆ. ನೆತ್ತಿಗೆ ಹರಳೆಣ್ಣೆ ಬೇರೆ. ಒಂದೊಂದೂ ಜಾರುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ.

"ಥಂಡಿ ಆಗಬಾರದಲ್ಲವಾ" ಅಂದರು.

ಫೋನಿನಲ್ಲಿ ವಿಡಿಯೋ ಹಚ್ಚಿ ತೋರಿಸಿದೆ. ಯಾರೋ ಹೆಣ್ಣುಮಗಳು, ಮರಿಯನ್ನು ಟವೆಲ್ ಮೇಲೆ ಬೋರಲು ಹಾಕಿ, ತಲೆ ಸ್ವಲ್ಪವೇ ಎತ್ತಿ, ಹನಿಹನಿಯಾಗಿ ಕುಡಿಸುತ್ತಾಳೆ. ಅತ್ತೆ ಕನ್ನಡಕ ಏರಿಸಿ ಪೂರಾ ನೋಡಿದರು. ಆಮೇಲೆ ಕೇಳಿದರು, "ಈಕಿ ಎಷ್ಟ ಹಡದಾಳ?"

ಅದು ಅವಳಿಗೆ ಕೇಳಿದ್ದು. ನನಗೆ ಯಾಕೆ ಚುಚ್ಚಬೇಕು? ಚುಚ್ಚಿತು. ಮದುವೆಯಾಗಿ ಹನ್ನೆರಡು ವರ್ಷ, ಮಡಿಲು ತುಂಬಿಲ್ಲ ಅಂತ ಒಂದು ಮಾತು ಆಡಿದವರಲ್ಲ ಅತ್ತೆ. ಬೇಕಂತ ಅಂದದ್ದೂ ಅಲ್ಲ, ಗೊತ್ತು. ಆದರೂ ಪಾತ್ರೆ ತಿಕ್ಕುವಾಗ ಎರಡು ಲೋಟ ಜೋರಾಗಿ ಕುಕ್ಕಿದೆ.

ಡಿಸೆಂಬರ್ 6, ಶನಿವಾರ

ಒಂದು ಹೋಯಿತು.

ಆಡಿಟ್ ಕಾಲ್ ಇತ್ತು. ಬೆಡ್‌ರೂಮಿನ ಬಾಗಿಲು ಹಾಕಿಕೊಂಡಿದ್ದೆ. ಈಗಷ್ಟೇ ಕುಡಿದಿವೆ, ಮುಟ್ಟಬೇಡಿ ಅಂತ ಹೇಳಿಯೇ ಹೋಗಿದ್ದೆ. ಹೊರಗೆ ಬಂದರೆ ಅತ್ತೆ ಕಾಲು ಚಾಚಿ ಕೂತಿದ್ದಾರೆ. ದಪ್ಪ ಮರಿ ಮೊಣಕಾಲ ಮೇಲೆ ಅಂಗಾತ. ಕೈಯಲ್ಲಿ ಬೆಳ್ಳಿಯ ಒಳಲೆ, ಕೂಸಾಗಿದ್ದಾಗ ಇವರಿಗೂ ಶಿವಾನಿಗೂ ಹಾಲು ಕುಡಿಸಿದ್ದು. ಮರಿಯ ಮೂಗಿನಿಂದ ಹಾಲು ಬಂದಿತ್ತು. ಅಲುಗುತ್ತಿರಲಿಲ್ಲ.

"ಅಳಾಕತ್ತಿತ್ತವಾ. ಹಸದಿತ್ತು" ಅಂದರು.

ಅಂದುಬಿಟ್ಟೆ. "ಹೇಳಿದ್ದೆ ಇಲ್ರೀ ನಿಮಗ? ಸಾಕ್ರಿ ನಿಮ್ಮ ಬಾಣಂತನ. ಕೊಂದಬಿಟ್ರಿ ಅದನ್ನ."

ಅತ್ತೆ ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಅದರ ಮೂಗು ಒರೆಸಿದರು, ಹಣೆಗೆ ವಿಭೂತಿ ಹಚ್ಚಿದರು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದರು. ಹಿಂದಿನ ಗೋಡೆಯ ಹತ್ತಿರ ವಾಚ್‌ಮನ್ ತಗ್ಗು ತೋಡಿಕೊಟ್ಟ. ಮೇಲೆ ಬಂದು ಒಳಲೆ ಹುಣಸೆಹಣ್ಣು ಹಚ್ಚಿ ತೊಳೆದು ಟ್ರಂಕಿನಲ್ಲಿಟ್ಟರು. ಆಮೇಲೆ ಕೋಣೆಗೆ ಹೋದವರು ಊಟಕ್ಕೂ ಬರಲಿಲ್ಲ.

ನಾನು ಅಂದದ್ದರಲ್ಲಿ ಸುಳ್ಳೇನಿದೆ?

ಡಿಸೆಂಬರ್ 7

ಮೂರು ಮರಿ. ಒಬ್ಬಳೇ. ಇವರ ಫೋನು: ಇನ್ನೆರಡು ದಿನ ಆಗುತ್ತದೆ ಅಂತೆ. ಆಗಲಿ. ಅಲ್ಲೇ ಮನೆ ಮಾಡಲಿ.

ಡಿಸೆಂಬರ್ 10, ಬುಧವಾರ

ಶಿವಾನಿ ಮಧ್ಯಾಹ್ನ ಫೋನಿನಲ್ಲಿ ಅತ್ತಳು. "ವೈನಿ, ಅವ್ವ ಹಿಂಗ್ಯಾಕ ಅಂದ್ಳು? ಕೂಸಿಗೆ ಎರಿಯಾಕ ಕೆಲಸದ ಬಾಯಿನ್ನ ಹಚ್ಚಕೋ ಅಂತಾಳ. ನನ್ನ ಕೈ ಇನ್ನ ಆಗಂಗಿಲ್ಲ ಅಂತಾಳ. ಆರಾಮ ಇಲ್ಲೇನು?"

ಏನು ಹೇಳಲಿ? ಆರಾಮ ಇದ್ದಾರೆ, ಥಂಡಿಗೆ ಕೈ ಹಿಡಿದಿರಬೇಕು ಅಂದೆ.

ಊರಿನವರ ಮಕ್ಕಳಿಗೆಲ್ಲ ಎರೆದು, ಹೆತ್ತ ಮಗಳ ಕೂಸನ್ನು ಮುಟ್ಟುವುದಿಲ್ಲ ಅಂದರೆ ಏನರ್ಥ? ಒಂದು ನಾಯಿಮರಿಗೆ ಇಷ್ಟು? ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಅದಕ್ಕೂ ಸಿಟ್ಟು ಬಂತು. ಹೋಗಿ ಕೋಣೆಯ ಬಾಗಿಲಲ್ಲಿ ನಿಂತೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು.

"ಸಿಟ್ಟಿನಾಗ ಅಂದೆ ಅತ್ತಿ. ಮನಸಿಗೆ ಹಚ್ಚಕೋಬ್ಯಾಡ್ರಿ."

"ಅಂದದ್ದು ಖರೆ ಅದ ಅಲ್ಲವಾ. ನೀ ಬ್ಯಾಡಂದಿದ್ದಿ. ನಾ ಕೇಳ್ಲಿಲ್ಲ." ತಲೆ ಎತ್ತದೆ ಅಂದರು. "ನಾಳೆ ಆ ಕೂಸು ನನ್ನ ಕಾಲ ಮ್ಯಾಲೆ ಇದ್ದಾಗ ಹಿಂಗಾದ್ರ?"

ಒಂದು ಮರಿಯನ್ನು ತಂದು ಪಕ್ಕದಲ್ಲಿಟ್ಟೆ. ಮೂಸುತ್ತ ಅವರ ಬೆರಳ ಹತ್ತಿರ ಹೋಯಿತು. ಕೈ ಸೆರಗಿನೊಳಗೆ ಎಳೆದುಕೊಂಡರು. ವಾಪಸ್ ತಂದು ಡಬ್ಬಿಗೆ ಹಾಕಿದೆ. ಹಟ ಅಂದರೆ ಹಟ. ಇವರಿಗೆ ಯಾರ ಹಟ ಬಂದಿದೆ ಅಂತ ಈಗ ಗೊತ್ತಾಯಿತು.

ಡಿಸೆಂಬರ್ 12, ಶುಕ್ರವಾರ

ಇವರು ಬಂದರು. ಹಾಲಿನ ಪುಡಿಯೂ ಬಂತು, ಇಂದೇ. ಪುಡಿಗೆ ಇವರಿಗಿಂತ ಜವಾಬ್ದಾರಿ ಜಾಸ್ತಿ, ಹೇಳಿದ ದಿನಕ್ಕೆ ಬಂದಿದೆ. ಮೊಟ್ಟೆಯ ಕಾಟ ತಪ್ಪಿತು.

"ನಾ ಕುಡಸ್ತೀನಿ ಕೊಡು" ಅಂತ ಒಂದು ಮರಿಗೆ ಕುಡಿಸಿದರು. ಅದರದೊಂದು ಫೋಟೋ ತೆಗೆಸಿಕೊಂಡರು. ಎರಡನೆಯದು ಕೈಯಲ್ಲಿದ್ದಾಗಲೇ ಆಕಳಿಸಿ ಸೋಫಾಕ್ಕೆ ಒರಗಿ ಗೊರಕೆ. ಮರಿ ಎದೆಯ ಮೇಲೆ. ಇಬ್ಬರದೂ ಬಾಯಿ ತೆರೆದಿತ್ತು.

ಅವ್ವ ಯಾಕೆ ಸುಮ್ಮನಿದ್ದಾಳೆ ಅಂತ ಸಂಜೆ ಕೇಳಿದರು. ಎಲ್ಲ ಹೇಳಿದೆ. ನಾನು ಅಂದ ಮಾತು ಸೇರಿಸಿಯೇ. "ಅಷ್ಟ ಅನಬಾರದಿತ್ತು ನೀ" ಅಂದರು. ಅನ್ನಬಾರದಿತ್ತು ಅಂತ ನನಗೂ ಗೊತ್ತು. ಅದನ್ನು ಹೇಳಲು ಸೊಲ್ಲಾಪುರದಿಂದ ಬರಬೇಕಿತ್ತೇ?

ಡಿಸೆಂಬರ್ 14, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಇವರು ಮಂಡಿಗೆ ಹೋಗಿದ್ದರು, ಕಾಯಿಪಲ್ಲೆಗೆ. ಅತ್ತೆ ಪೂಜೆಯಲ್ಲಿ. ನಾನು ಸಣ್ಣ ಮರಿಗೆ ಕುಡಿಸುತ್ತಿದ್ದೆ. ಬೋರಲು. ಟವೆಲ್ ಮೇಲೆ. ಸರಿಯಾದ ಪುಡಿ, ಸರಿಯಾದ ಬಿಸಿ. ಎಲ್ಲ ಡಾಕ್ಟರು ಹೇಳಿದ ಹಾಗೆ. ನಿದ್ದೆಗಣ್ಣಿತ್ತು, ಬೇಗ ಮುಗಿಸಿ ಮಲಗೋಣ ಅನ್ನಿಸಿತ್ತು, ಸಿರಿಂಜ್ ಒಂದು ಎಳೆ ಜೋರಾಗಿ ಒತ್ತಿರಬೇಕು. ಒತ್ತಿದೆನೋ ಇಲ್ಲವೋ. ಮೂಗಿನಿಂದ ಹಾಲು ಬಂತು. ತಲೆ ಕೆಳಗೆ ಮಾಡಿ ಹಿಡಿದೆ, ಬೆನ್ನು ತಿಕ್ಕಿದೆ, ಮೂಗು ಒರೆಸಿದೆ, ಮತ್ತೆ ತಿಕ್ಕಿದೆ. ಸ್ವಲ್ಪ ಹೊತ್ತು ಬಾಯಿ ತೆಗೆದು ತೆಗೆದು ನಿಲ್ಲಿಸಿತು.

ಯಾರೂ ನೋಡಿರಲಿಲ್ಲ. ಡಬ್ಬಿಯಲ್ಲಿ ಉಳಿದೆರಡರ ನಡುವೆ ಮಲಗಿಸಿ, ಮಲಗಿದ್ದಲ್ಲೇ ಹೋಗಿದೆ ಅಂದರೆ ಮುಗಿಯಿತು. ಸಣ್ಣದು, ಮೊದಲೇ ಶಕ್ತಿ ಇರಲಿಲ್ಲ, ಎಲ್ಲರೂ ನಂಬುತ್ತಾರೆ. ಮಲಗಿಸಿಯೂ ಇದ್ದೆ. ಮೇಲೆ ಬಟ್ಟೆ ಹೊದಿಸಿಯೂ ಇದ್ದೆ. ದೇವರ ಕೋಣೆಯಲ್ಲಿ ಗಂಟೆ ನಿಂತಿತು.

ತೆಗೆದೆ. ಕೈಯಲ್ಲಿ ಹಿಡಿದುಕೊಂಡು ಹೋದೆ.

"ಅತ್ತಿ, ನನ್ನ ಕೈಯಾಗ ಹೋತ್ರಿ."

ನೋಡಿದರು. "ಮೂಗಿನಾಗಿಂದ ಬಂತೇನು?"

"ಹೂಂನ್ರಿ."

"ಬೋರಲ ಹಾಕಿದ್ದಿ?"

"ಹಾಕಿದ್ನಿರಿ."

ಕಾಯುತ್ತ ನಿಂತೆ. ನಾನು ಅಂದ ಮಾತನ್ನೇ ತಿರುಗಿಸಿ ಅನ್ನಲಿ ಅಂತ. ಅನ್ನುವ ಹಕ್ಕಿತ್ತು ಅವರಿಗೆ. ಅನ್ನಲೇ ಇಲ್ಲ. ತಡೆಯಲಾಗಲಿಲ್ಲ ನನಗೆ, "ಅಂದಬಿಡ್ರಿ ಅತ್ತಿ, ನೀವೂ ಅಂದಬಿಡ್ರಿ" ಅಂತ ಅತ್ತುಬಿಟ್ಟೆ. ಸಣ್ಣ ಹುಡುಗಿಯ ಹಾಗೆ ಸಿಂಬಳ ಸುರಿಸಿಕೊಂಡು ಅತ್ತುಬಿಟ್ಟೆ.

"ಏನ ಅನ್ಲಿ?" ಅಂದರು. "ಅನಿಸ್ಕೊಂಡ ಮ್ಯಾಲೆ ಹ್ಯಾಂಗಾಗ್ತದ ನನಗ ಗೊತ್ತದ. ನಿನಗ ಯಾಕ ಅನ್ಲಿ?"

ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಎಂಟು ದಿನದ ಮೇಲೆ ಮೊದಲ ಸಲ ಒಂದು ಮರಿಯನ್ನು ಮುಟ್ಟಿದ್ದು. ವಿಭೂತಿ ಹಚ್ಚಿದರು.

ಅದೇ ದಿನ, ಮಧ್ಯಾಹ್ನ

ಉಳಿದವೆರಡು ಹಸಿದು ಕೂಗಿದವು. ಸತ್ತದ್ದರ ದುಃಖ ಅವಕ್ಕೆಲ್ಲಿದೆ? ಸಿರಿಂಜ್ ತುಂಬಿದೆ. ಇಟ್ಟೆ. ಮತ್ತೆ ತುಂಬಿದೆ, ಮತ್ತೆ ಇಟ್ಟೆ. ಮರಿ ಕಿರಚಿಕೊಳ್ಳುತ್ತಿದೆ, ನಾನು ಅದರ ಬಾಯಿ ನೋಡುತ್ತ ಕೂತಿದ್ದೇನೆ. ಅತ್ತೆ ಕೋಣೆಯಿಂದ ಬಂದರು. ಸೊಂಟ ಹಿಡಿದು ಕೆಳಗೆ ಕೂತರು. ಇಬ್ಬರಿಗೂ ಧೈರ್ಯವಿಲ್ಲ.

ಕೊನೆಗೆ ಅವರೇ ಅಂದರು, "ನೀ ಹಿಡಿ. ತಲಿ ನೀ ಹಿಡಿ, ಹನಿ ನಾ ಬಿಡ್ತೀನಿ. ಉಸರ ನೋಡಕೋತ ಇರು. ಸಾಕಂದ ಕೂಡ್ಲೆ ನಿಲ್ಲಸ್ತೀನಿ."

ಹಿಡಿದೆ. ಒಂದು ಹನಿ. ಸಾಕು ಅಂದೆ. ಇನ್ನೊಂದು. ಸಾಕು. ಎರಡು ಮರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಇವರು ಬಾಗಿಲಲ್ಲಿ ಮೆಂತ್ಯಸೊಪ್ಪು ಹಿಡಿದು ನಿಂತು ಏನೋ ಕೇಳಿದರು, ಇಬ್ಬರೂ ಒಟ್ಟಿಗೆ ಬೈದೆವು.

ಡಿಸೆಂಬರ್ 17, ಬುಧವಾರ

ಎರಡೂ ಮರಿ ಕಣ್ಣು ತೆರೆಯುತ್ತಿವೆ. ನೀಲಿ. ಏನೂ ಕಾಣುವುದಿಲ್ಲವಂತೆ ಇನ್ನೂ. ಆದರೂ ದಿಟ್ಟಿಸುತ್ತವೆ, ಬಡ್ಡಿ ವಸೂಲಿಗೆ ಬಂದವರ ಹಾಗೆ.

ಮೆಟ್ಟಿಲಲ್ಲಿ ಕ್ಲಾಸಿನ ಸರ್, "ಕಾಯ್ ವಹಿನಿ, ಪಿಲ್ಲಂ ಬರೀ ಆಹೇತ್ ನಾ?" ಮರಿಗಳು ಚೆನ್ನಾಗಿವೆಯಾ ಅಂತ. ಎರಡು ಚೆನ್ನಾಗಿವೆ ಅಂದೆ. ಒಂದನ್ನು ತಾವು ಒಯ್ಯುತ್ತಾರಂತೆ, ತಿಂಗಳಾದ ಮೇಲೆ. ಒಯ್ಯಲಿ. ಯಾವುದನ್ನು ಅಂತ ಮಾತ್ರ ನಾನು ಹೇಳುತ್ತೇನೆ.

ಡಿಸೆಂಬರ್ 19, ಶುಕ್ರವಾರ

ಶಿವಾನಿ ಫೋನು. ಡಾಕ್ಟರು ಡೇಟ್ ಮುಂಚಿತವಾಗಿ ಹೇಳಿದ್ದಾರೆ, ಮುಂದಿನ ವಾರವೇ ಆಗಬಹುದು. ಎರೆಯುವ ಕೆಲಸದ ಬಾಯಿಗೆ ಹೇಳಿಬಿಡಲೇ ಅಂತ ಕೇಳುತ್ತಿದ್ದಳು. ಅತ್ತೆ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ಬಾಯಿ ಗೀಯಿ ಏನೂ ಬ್ಯಾಡ. ಆದ್ರ ನಾ ಒಬ್ಬಾಕೀನ ಎರಿಯಂಗಿಲ್ಲ. ನಿನ್ನ ವೈನಿ ತ್ರಿವೇಣಿ ಕಾಲ ಮ್ಯಾಲೆ ಹಾಕ್ಕೋತಾಳ ಕೂಸಿನ್ನ. ನಾ ಬಾಜೂಕ ಕುಂತು ನೀರ ಹಾಕ್ತೀನಿ."

ನನ್ನನ್ನು ಯಾರು ಕೇಳಿದರು? ಹೋಗಲಿ, ಲೀವ್ ಎಲ್ಲಿದೆ? ಎಲ್ಲ ಈ ನಾಯಿಗಳಿಗೆ ಸುರಿದಾಯಿತು. ಬಾಸ್ ಮುಖ ಈಗಲೇ ಸುಟ್ಟ ಬದನೆಕಾಯಿ ಆಗಿದೆ. ಎಲ್ಲ ತಾವೇ ನಿರ್ಧಾರ ಮಾಡಿ ಫೋನ್ ಇಟ್ಟು ಅಡುಗೆಮನೆಗೆ ಹೋದರು. ಹೋಗುತ್ತ, "ಕಾಲ ಚಾಚಿ ಕುಂಡ್ರೂದ ರೂಢಿ ಮಾಡ್ಕೊ, ಮೊಣಕಾಲ ಹಿಡೀತಾವ" ಅಂದರು.

ನಾನು ಇಲ್ಲಿಯವರೆಗೆ ಒಂದು ಕೂಸನ್ನೂ ಕಾಲ ಮೇಲೆ ಹಾಕಿಕೊಂಡವಳಲ್ಲ. ಯಾರ ಮನೆಯಲ್ಲೂ. ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆದರಿಕೆ ಆಗುತ್ತಿದೆ. ಹೋಗಿ ಹೇಳಬೇಕು ಅತ್ತೆಗೆ, ನನ್ನಿಂದ ಆಗುವುದಿಲ್ಲ ಅಂತ. ಈಗಲೇ ಹೇಳಿಬಿಟ್ಟರೆ ಕೆಲಸದ ಬಾಯಿಯನ್ನು ಗೊತ್ತು ಮಾಡಲು ಶಿವಾನಿಗೂ ಟೈಮ್ ಸಿಗುತ್ತದೆ. ಕೂತು ಬರೆಯುತ್ತಿದ್ದೇನೆ, ಕಾಲು ನೋಡಿದರೆ — ಚಾಚಿಯೇ ಇವೆ. ಯಾವಾಗ ಚಾಚಿದೆನೋ. ಮೊಣಕಾಲು ಹಿಡಿಯುತ್ತಿದೆ, ನಿಜ. ಇನ್ನು ಸ್ವಲ್ಪ ಹೊತ್ತು ಹೀಗೇ ಇರಲಿ, ರೂಢಿ ಆಗಲಿ.