ಎಫೀಯನ್ನು ಕರೆದೊಯ್ದ ದಿನ

ಲೀಡ್ಸ್
೧೨ ಮಾರ್ಚ್ ೧೮೯೩

ನನ್ನ ಪ್ರೀತಿಯ ಡೋರ್ಕಸ್,

ನನ್ನ ಅಮ್ಮ ತೀರಿಕೊಂಡದ್ದು ಯಾರಿಂದಲೋ ತಿಳಿದು ನೀನು ಬರೆದ ಕಾಗದ ಬಂತು. ಹತ್ತೊಂಬತ್ತು ವರ್ಷದ ಮೇಲೆ ನಿನ್ನ ಅಕ್ಷರ ಕಂಡು ಮೊದಲು ಖುಷಿಯೇ ಆಯಿತು. ಆಮೇಲೆ, "ನಿನ್ನ ಅಮ್ಮನನ್ನು ಕ್ಷಮಿಸಿದ್ದೇನೆ" ಎಂಬ ಸಾಲು ಓದಿದೆ. ಆ ಸಾಲಿಗಾಗಿಯೇ ಈ ಉತ್ತರ.

ನಮ್ಮ ವಠಾರ ಈಗಿಲ್ಲ, ಕೆಡವಿದ್ದಾರೆ. ಹನ್ನೊಂದು ಮನೆಗೆ ಒಂದೇ ನಲ್ಲಿ, ಎರಡೇ ಕಕ್ಕಸು. ಆದರೂ ನನಗೆ ನೆನಪಾಗುವುದು ಹರವಿದ ಚಾದರಗಳ ಸಂದಿಯಲ್ಲಿ ನಾವು ಓಡಾಡಿದ್ದು, ಶನಿವಾರ ಬಿಸಿ ಬಟಾಣಿಯ ಒಂದೇ ಬಟ್ಟಲಿಗೆ ಮೂರು ಚಮಚ ಹಾಕಿದ್ದು. ತಳದ ರಸ ತನಗೇ ಬೇಕೆಂದು ನಿನ್ನ ತಂಗಿ ಎಫೀ ಹಟ ಮಾಡುತ್ತಿದ್ದಳು.

ಅವಳಿಗೆ ಕೆಂಪುಜ್ವರ ಬಂದಾಗ ನಿನ್ನಮ್ಮ ಅವಳನ್ನು ಅಟ್ಟದಲ್ಲಿ ಬಚ್ಚಿಟ್ಟಳು. ಜ್ವರದಾಸ್ಪತ್ರೆಗೆ ಹೋದ ಮಕ್ಕಳು ಮರಳುವುದಿಲ್ಲವೆಂದು ವಠಾರವೆಲ್ಲ ನಂಬಿತ್ತು. ನಿನ್ನನ್ನೂ ಹೊರಗೆ ಬಿಡಲಿಲ್ಲ. ಆರು ದಿನ ನಾನೊಬ್ಬಳೇ ಕುಂಟೆಬಿಲ್ಲೆ ಆಡಿದೆ. ಏಳನೆಯ ದಿನ ಆರೋಗ್ಯ ಇನ್‌ಸ್ಪೆಕ್ಟರು ನಲ್ಲಿಯ ಹತ್ತಿರ ನಿಂತು, "ಇಲ್ಲಿ ಯಾರಿಗಾದ್ರೂ ಮೈ ಹುಷಾರಿಲ್ವೇನೇ ಪುಟ್ಟಿ?" ಎಂದು ಕೇಳಿದರು.

ಹೇಳಿದವಳು ನಾನು, ಡೋರ್ಕಸ್. ಅಮ್ಮನಲ್ಲ. ಎಫೀ ಹೋದರೆ ನಿನ್ನನ್ನು ಆಟಕ್ಕೆ ಬಿಡುತ್ತಾರೆ ಅಂದುಕೊಂಡೆ. ಆಗ ನನಗೆ ಒಂಬತ್ತು ವರ್ಷ.

ಎಂಟು ದಿನಕ್ಕೆ ಎಫೀ ಆಸ್ಪತ್ರೆಯಲ್ಲೇ ಕಣ್ಣು ಮುಚ್ಚಿದಳು. ಅಮ್ಮ ಆ ಇನ್‌ಸ್ಪೆಕ್ಟರ ಮನೆಯ ಬಟ್ಟೆಯನ್ನೂ ಒಗೆಯುತ್ತಿದ್ದಳಲ್ಲ, ಎಲ್ಲರಿಗೂ ಅವಳ ಮೇಲೇ ಅನುಮಾನ. ನಿನ್ನಮ್ಮ ನಮ್ಮ ಬಾಗಿಲಲ್ಲಿ ನಿಂತು, "ನನ್ನ ಕೂಸನ್ನ ಹಿಡ್ಕೊಟ್ಟೆಯಲ್ಲೇ ಮಾರ್ಥಾ, ನಿನ್ನ ನಾಲಿಗೆ ಸೇದೋಗ!" ಎಂದು ಕೂಗಿದಳು. ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಬಾಗಿಲು ಹಾಕಿಕೊಂಡು ಇಷ್ಟೇ ಅಂದಳು: "ಬಾಯಿ ಮುಚ್ಕೊಂಡಿರು. ನೀನು ಇನ್ನೂ ಬಾಳಿ ಬದುಕಬೇಕಾದೋಳು. ನನ್ನ ಯಾರು ಬೈದ್ರೇನು?"

ನೀವು ಬ್ರಾಡ್‌ಫರ್ಡಿಗೆ ಹೊರಟ ಬೆಳಿಗ್ಗೆ ಅವಳು ಬಿಸಿ ಬ್ರೆಡ್ಡು ಏಪ್ರನ್ನಿನಲ್ಲಿ ಕಟ್ಟಿಕೊಂಡು ಗಾಡಿಯ ಹಿಂದೆ ಓಡಿದಳು. ನಿನ್ನಮ್ಮ ತಿರುಗಿ ನೋಡಲಿಲ್ಲ.

ಮರಣದ ದಾಖಲೆಯಲ್ಲಿ ಅಮ್ಮನಿಗೆ ಶ್ವಾಸಕೋಶದ ಕಾಯಿಲೆ ಎಂದು ಬರೆದರು. ನಲವತ್ತು ವರ್ಷ ಹಬೆಯಲ್ಲಿ ನಿಂತು ಬಟ್ಟೆ ಬೇಯಿಸಿದ ಎದೆ ಅದು. ಕ್ಷಮೆ ಬೇಕಾದದ್ದು ನನಗೆ. ಕೊಡದಿದ್ದರೂ ಸರಿ, ಅವಳ ಮೇಲಿನ ಅಪವಾದವನ್ನು ಮಾತ್ರ ತೆಗೆದುಬಿಡು.

ನಿನ್ನ,
ಟ್ಯಾಬಿತಾ

ತಾ.ಕ.: ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಹೋದ ಚಳಿಗಾಲ ನನ್ನ ಹರ್ಬರ್ಟನಿಗೂ ಅದೇ ಜ್ವರ ಬಂತು. ವಿಚಾರಿಸಲು ಬಂದವರಿಗೆ, ಮಗ ಊರಲ್ಲಿಲ್ಲ ಎಂದೆ. ಅವನು ಉಳಿದ. ಜ್ವರ ಅಂಟಿದ ಎದುರುಮನೆಯ ಮಗು ಉಳಿಯಲಿಲ್ಲ. ಅದರ ತಾಯಿ ಈಗಲೂ ದಿನಾ ಬಂದು ನನ್ನೊಡನೆ ಚಹಾ ಕುಡಿಯುತ್ತಾಳೆ.